ಹೊತ್ತಿ ಆರುವ ಬಾಯ್ಲರು

ಬ್ರಿಟನ್ನಿನ ಚಳಿಗಾಲದಲ್ಲಿ ಬಹುಪಾಲು ಮನೆಗಳನ್ನು ಬೆಚ್ಚಗಿಡುವುದು ಅನಿಲದ ಬಾಯ್ಲರು. ಅದರಲ್ಲಿ ಕಾದ ನೀರು ಕೊಳವೆಗಳ ಮೂಲಕ ಕೋಣೆಕೋಣೆಯ ರೇಡಿಯೇಟರುಗಳಿಗೆ ಹರಿದು, ಶಾಖವನ್ನಿತ್ತು, ತಣಿದು ಮರಳುತ್ತದೆ. ಈ ಯಂತ್ರವು ನಿಮಿಷ ನಿಮಿಷಕ್ಕೂ ಹೊತ್ತಿ ಆರತೊಡಗಿದರೆ, ಅದು ಕೆಟ್ಟಿತೆಂದು ಬಗೆದು ಇನ್ನೂ ದೊಡ್ಡದನ್ನು ತರಲು ಮನೆಯವರು ಹೊರಡುವುದುಂಟು. ಅವಸರ ಸಲ್ಲದು.

ಅನೇಕ ವೇಳೆ ಕೊರತೆ ಉರಿಯದಲ್ಲ. ಶಾಖಕ್ಕೆ ದಾರಿಯಿಲ್ಲದುದೇ ದೋಷ. ಮರಳಿದ ನೀರು ಬಿಸಿಯಾಗಿಯೇ ಇದ್ದರೆ ಬಾಯ್ಲರು ತಾನಾಗಿ ಆರುತ್ತದೆ; ನೀರು ತಣಿದೊಡನೆ ಮತ್ತೆ ಹೊತ್ತುತ್ತದೆ. ಅನಿಲವೂ ವ್ಯರ್ಥ, ಯಂತ್ರಕ್ಕೂ ಸವೆತ. ಸ್ನಾನದ ನೀರಿಗೆಂದು 24 ಕಿಲೋವಾಟಿನ ಬಾಯ್ಲರನ್ನು ಕೊಂಡ ಪುಟ್ಟ ಮನೆಯ ಕೋಣೆಗಳಿಗೆ 10 ಕಿಲೋವಾಟೂ ಬೇಕಾಗದಿರಬಹುದು. ಒಂದು ಚೊಂಬು ನೀರಿಗೆ ಹಂಡೆಯ ಒಲೆ ಹೂಡಿದಂತೆ! ಇನ್ನೂ ದೊಡ್ಡದನ್ನು ತಂದರೆ ತೊಂದರೆ ಹೆಚ್ಚೀತೇ ಹೊರತು ತಗ್ಗದು.

ಮೊದಲು ರೇಡಿಯೇಟರುಗಳ ತಿರುಪುಗಳನ್ನು ನೋಡಬೇಕು. ಹಲವು ಮುಚ್ಚಿದ್ದರೆ ತೆರೆಯಬೇಕು. ರೇಡಿಯೇಟರಿನ ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಕೆಳಭಾಗ ತಣ್ಣಗಿದ್ದರೆ ಕೆಸರು ಕಟ್ಟಿರಬಹುದು. ಯಂತ್ರ ಆರಿ ತಣ್ಣಗಿರುವಾಗ ಒತ್ತಡದ ಮಾಪಕವು ಸಾಮಾನ್ಯವಾಗಿ 1ರಿಂದ 1.5 ಬಾರ್ ತೋರಬೇಕು. ಥರ್ಮೋಸ್ಟಾಟು ರೇಡಿಯೇಟರಿನ ಪಕ್ಕದಲ್ಲಿದ್ದರೆ, ಕೋಣೆ ಕಾಯುವ ಮೊದಲೇ ಉರಿಯನ್ನು ಆರಿಸುತ್ತದೆ.

ಇಷ್ಟು ಮನೆಯವರ ಕೆಲಸ. ಬಾಯ್ಲರಿನ ಕವಚವನ್ನು ತೆರೆಯುವುದು ‘ಗ್ಯಾಸ್ ಸೇಫ್’ ದಾಖಲೆಯಲ್ಲಿರುವ ಕುಶಲಿಯದೇ ಕೆಲಸ. ಉರಿ ಕೆಟ್ಟು ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಪ್ರಾಣ ತೆಗೆಯುವ ಶಕ್ತಿ ಮಾತ್ರ ಇದೆ.