ಕುಂಟು ಪಶುವಿನ ದಾನ



ಕೆಟ್ಟುಹೋದ ಕಂಪ್ಯೂಟರುಗಳನ್ನು ತೋಟದ ಶಾಲೆಗೋ ಸಭೆಯ ಓದುವ ಕೋಣೆಗೋ ತಂದಿಳಿಸಿ, ಹಾರ ಹಾಕಿಸಿಕೊಂಡು ಹೋಗುವ ದೊಡ್ಡವರಿದ್ದಾರೆ. ನಡೆಯುವ ಯಂತ್ರವಾದರೆ ಸಂತೋಷ, ನಮ್ಮ ಮಕ್ಕಳು ಕಲಿಯಲಿ. ನಡೆಯದ್ದನ್ನು ಕೊಟ್ಟು ದಾನವೆನ್ನುವುದು ಮೋಸ. ಕುರುಡು ಕುಂಟು ಪಶುಗಳನ್ನು ದೇವರಿಗೆ ತಂದವರನ್ನು ಪ್ರವಾದಿ ಮಲಾಕಿಯನು ಗದರಿಸಿದ್ದನ್ನು ಓದಿದ್ದೇವಲ್ಲವೇ? ಇಂದಿನ ಕುಂಟು ಪಶು ಇದೇ. ಕೆಲವು ತಿಂಗಳು ಮೂಲೆಯಲ್ಲಿ ಧೂಳು ತಿಂದು ಅದು ಗುಜರಿ ಚೀಲ ಸೇರುತ್ತದೆ. ಮುಂದೆ ಎಲ್ಲಿಗೆಂದು ಯಾರೂ ಕೇಳುವುದಿಲ್ಲ.

ನಾವಾದರೂ ಕೇಳೋಣ. ದೆಹಲಿಯ ಸೀಲಂಪುರದಲ್ಲಿ ಇಂಥ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಯುವವರು ನಮ್ಮಂಥ ಬಡವರೇ. ಹೆಂಗಸರೂ ಮಕ್ಕಳೂ ಆ ಕೆಲಸಕ್ಕೆ ಕೈ ಹಾಕಿದ್ದಾರೆ. ತಾಮ್ರಕ್ಕಾಗಿ ತಂತಿ ಸುಡುವುದು, ಚಿನ್ನದ ಚೂರಿಗಾಗಿ ಹಲಗೆಯನ್ನು ಆ್ಯಸಿಡ್ಡಿನಲ್ಲಿ ಅದ್ದುವುದು. ಮೊರಾದಾಬಾದಿನಲ್ಲಿ ಆ ಬೂದಿ ರಾಮಗಂಗಾ ನದಿಯ ದಡದಲ್ಲೇ ರಾಶಿ ಬಿದ್ದದ್ದುಂಟು. ಹಳೆಯ ದಪ್ಪ ಪರದೆಯ ಗಾಜಿನಲ್ಲಿ ಸೀಸವಿದೆ. ಸೀಸವು ಮಗುವಿನ ಮಿದುಳನ್ನು ಕುಂದಿಸುತ್ತದೆ. ಕೈಗವಸಿಲ್ಲದೆ ಗಿಡಕ್ಕೆ ವಿಷ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

2010ರಲ್ಲಿ ದೆಹಲಿ ವಿಶ್ವವಿದ್ಯಾಲಯವು ಪ್ರಯೋಗಾಲಯದ ಹಳೆಯ ವಿಕಿರಣ ಯಂತ್ರವೊಂದನ್ನು ಹರಾಜಿಗೆ ಹಾಕಿತು. ಅದು ಕಂಪ್ಯೂಟರಲ್ಲ, ನಿಜ. ಆದರೆ ಮಾಯಾಪುರಿಯ ಗುಜರಿ ಪೇಟೆಯಲ್ಲಿ ಅದನ್ನು ಬಿಚ್ಚಿದವರಿಗೆ ಒಳಗಿನ ಕೋಬಾಲ್ಟಿನ ಸುಳಿವೂ ಇರಲಿಲ್ಲ. ಒಬ್ಬ ಕೆಲಸಗಾರ ಸತ್ತ; ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ಹರಾಜು ಹಾಕಿದವರು ಓದಿದವರು, ಪ್ರಾಣ ಕೊಟ್ಟವನು ಕೂಲಿಯವನು.

ಕಾನೂನು ಇಲ್ಲವೇ? ಇದೆ. ಕೇಂದ್ರ ಸರಕಾರದ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಿಸಿ ಲಾಭ ತಿಂದ ಕಂಪೆನಿಯೇ ಮರುಬಳಕೆಯ ಹೊಣೆ ಹೊರತಕ್ಕದ್ದು. ವರ್ಷದಲ್ಲಿ 1000 ಸಾಧನಗಳನ್ನಾದರೂ ಬಳಸಿದ ಸಂಸ್ಥೆಯು ತನ್ನ ಕಸವನ್ನು ನೋಂದಣಿಯಾದವರ ಕೈಗೇ ಒಪ್ಪಿಸತಕ್ಕದ್ದು. ನಮ್ಮಲ್ಲಿ ಅಷ್ಟಿಲ್ಲವೆಂದು ಸಣ್ಣ ಕಚೇರಿಗಳು ನುಣುಚಿಕೊಳ್ಳಬಹುದು. ಸೀಸಕ್ಕೆ ಈ ಲೆಕ್ಕ ತಿಳಿಯದು.

ಕೆಲವರು ಎಲ್ಲಕ್ಕೂ ಗುಜರಿಯವನನ್ನೇ ಬೈಯುತ್ತಾರೆ. ಅವನು ಚೀಲ ಹೊತ್ತು ಏರು ಹತ್ತಿ ಬರದಿದ್ದರೆ ನಮ್ಮ ಲೈನ್ ಮನೆಗಳ ಮುಂದೆ ಏನೇನು ಬಿದ್ದಿರುತ್ತಿತ್ತೋ! ಅವನ ಹೊಟ್ಟೆಗೆ ಹೊಡೆಯುವ ಸುಧಾರಣೆ ನಮಗೆ ಬೇಡ. ಆ ಕೆಲಸ ಬಲ್ಲವನಿಗೆ ನೋಂದಣಿಯಾದ ಕಾರ್ಖಾನೆಯಲ್ಲಿ ಕೈಗವಸು ಸಹಿತ ಕೆಲಸ, ನ್ಯಾಯವಾದ ಕೂಲಿ ಸಿಗಲಿ.

ದಾನಿಗಳು ಬಂದಾಗ ಹಾರಕ್ಕೆ ಮೊದಲು ಸ್ವಿಚ್ಚು ಒತ್ತಿ ನೋಡಿರಿ. ಯಂತ್ರ ಕೆಟ್ಟ ದಿನ ತಾವೇ ಹಿಂದಕ್ಕೆ ಒಯ್ಯುವುದಾಗಿ ಕಾಗದದಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿರಿ.