ಸೂಪರ್‌ಕಂಪ್ಯೂಟರಿಗೂ ಕೃಷಿ ಓದಿದವರು ಬೇಕು

ತೋಟಗಾರಿಕೆ ಪದವಿ ಮುಗಿಸಿದವರಿಗೆ ಊರಲ್ಲಿ ಎರಡೇ ದಾರಿ ತೋರಿಸ್ತಾರೆ: ಇಲಾಖೆ ಪರೀಕ್ಷೆ ಬರಿ, ಇಲ್ಲಾ ಗೊಬ್ಬರದ ಕಂಪನಿ ಸೇರು. ನಾನು ಎರಡನ್ನೂ ಬಿಟ್ಟು ಅನಮೋಡದಲ್ಲಿ ಸಾವಯವ ಅಡಿಕೆ, ಕಾಳುಮೆಣಸು ಬೆಳೆಯುತ್ತಿದ್ದೇನೆ. ಆದರೆ ಯಾರೂ ಹೇಳದ ಮೂರನೇ ದಾರಿಯೊಂದಿದೆ.

ನನ್ನ ಸಹಪಾಠಿಯೊಬ್ಬ ಕಾಳುಮೆಣಸಿನ ತಳಿಗಳ ಡಿಎನ್‌ಎ ಮೇಲೆ ಸಂಶೋಧನೆ ಮಾಡ್ತಿದ್ದ. ಲ್ಯಾಪ್‌ಟಾಪ್ ಹನ್ನೊಂದು ದಿನ ಲೆಕ್ಕ ಹಾಕಿತು. ಕರೆಂಟ್ ಹೋಯ್ತು, ಬ್ಯಾಟರಿ ಖಾಲಿ, ಮತ್ತೆ ಮೊದಲಿಂದ. ದೊಡ್ಡ ಕಂಪ್ಯೂಟರ್ ಇದೆಯೆಂದು ಗೊತ್ತಿತ್ತು, ಬಳಸೋದು ಹೇಗೆಂದು ಕಲಿಸುವವರಿರಲಿಲ್ಲ. ಕೊನೆಗೆ ಅರ್ಧ ತಳಿಗಳನ್ನೇ ಕೈಬಿಟ್ಟ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ! ಆದರೆ ಅದೂ ನಮ್ಮ ಕೃಷಿ ಯಂತ್ರಧಾರೆ ಇದ್ದಂತೆ. ಸರದಿ ಹಚ್ಚಬೇಕು, ಯಾವ ಕೆಲಸಕ್ಕೆ ಎಷ್ಟು ಯಂತ್ರ ಎಂದು ತಿಳಿದಿರಬೇಕು. ಕೆಲಸವನ್ನು ಸಾವಿರ ತುಂಡು ಮಾಡಿ ಒಟ್ಟಿಗೇ ಓಡಿಸುವುದನ್ನು ಸಂಶೋಧಕರಿಗೆ ಕಲಿಸುವವರು ಬೇಕು. ಅದೇ ಒಂದು ಉದ್ಯೋಗ.

ಇದರಿಂದ ನಮಗೇನು? ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಕೊನೆಗೌಡ ಸಿಗೋದೇ ಕಷ್ಟ. ಸಿಕ್ಕ ದಿನ ಮಳೆ ಬಂದರೆ ಕೂಲಿಯೂ ಹೋಯ್ತು, ಮದ್ದೂ ಹೋಯ್ತು. ಮೇ 2025ರಲ್ಲಿ ದೇಶದ ಮುನ್ಸೂಚನೆಯ ಚೌಕ 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿಯಿತು. ಅದರ ಲೆಕ್ಕ ನಡೆಯೋದು ಪುಣೆಯ ‘ಅರ್ಕ’ ಸೂಪರ್‌ಕಂಪ್ಯೂಟರಿನಲ್ಲಿ. ಆದರೂ ಅನಮೋಡ ಘಾಟಿನಲ್ಲಿ ಆರು ಕಿಲೋಮೀಟರಿಗೇ ಮಳೆ ಬೇರೆ. ಇನ್ನೂ ಸಣ್ಣ ಚೌಕ ಬೇಕೆಂದು ಕೇಳಲು, ಕೊಳೆರೋಗದ ಲೆಕ್ಕವನ್ನು ಅದಕ್ಕೆ ಜೋಡಿಸಲು ಸೋಗೆ, ಸಿಂಗಾರ ಗೊತ್ತಿರುವವರು ಆ ಕೋಣೆಯಲ್ಲಿರಬೇಕು.

ಹಾಗಂತ ತೋಟ ಮಾರಿ ಹೊರಡಿ ಅನ್ನುತ್ತಿಲ್ಲ. ಇಂಥ ಹುದ್ದೆಗಳು ಕಡಿಮೆ, ಅವೂ ದೊಡ್ಡ ಊರುಗಳಲ್ಲೇ. ಆದರೆ ಮನೆಯಲ್ಲಿ ಇಬ್ಬರು ಮಕ್ಕಳಿದ್ದು, ಒಬ್ಬರಿಗೆ ಲೆಕ್ಕದ ಹುಚ್ಚಿದ್ದರೆ ತಡೀಬೇಡ್ರಿ. ಅದು ಕೃಷಿ ಬಿಟ್ಟಂತಲ್ಲ.

ಶುರು ಮಾಡಲು ಖರ್ಚಿಲ್ಲ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ. ಅದೂ ಇಲ್ಲವೇ? ಆಂಡ್ರಾಯ್ಡ್ ಮೊಬೈಲಿನಲ್ಲೇ ‘ಟರ್ಮಕ್ಸ್’ ಆ್ಯಪ್ ಹಾಕಿ ಕಮಾಂಡ್ ಕಲಿಯಿರಿ. ಆಮೇಲೆ ಪೈಥಾನ್, ಜೊತೆಗೆ ಸಂಖ್ಯಾಶಾಸ್ತ್ರ. ನಿಮ್ಮ ತೋಟದ ಮಳೆ ಲೆಕ್ಕವನ್ನೇ ಮೊದಲ ಅಭ್ಯಾಸ ಮಾಡಿಕೊಳ್ಳಿ. ಈ ಮಳೆಗಾಲದಿಂದಲೇ ದಿನಾ ಬರೆದಿಡಿ.