ಪತ್ತೇದಾರಿ ಕಾದಂಬರಿಗೆ ಬಂದ ಅಪವಾದ

ಈಚೆಗೆ ನಮ್ಮ ಸೀಮೆಯ ಒಂದು ಗ್ರಂಥಾಲಯಕ್ಕಾಗಿ ಪುಸ್ತಕಗಳನ್ನು ಆಯುವ ಸಭೆಯಲ್ಲಿ ನಾನೂ ಕುಳಿತಿದ್ದೆನು. ಪಟ್ಟಿಯಲ್ಲಿದ್ದ ಪತ್ತೇದಾರಿ ಕಾದಂಬರಿಗಳನ್ನೆಲ್ಲ ವಿದ್ವಾಂಸರೊಬ್ಬರು ಒಂದೇ ಗೀಟಿನಿಂದ ಹೊಡೆದುಹಾಕಿ, "ಇವು ಹೆಂಗಸರೂ ಹುಡುಗರೂ ಮಧ್ಯಾಹ್ನದ ಹೊತ್ತು ಕಳೆಯುವ ಸರಕು, ಸಾಹಿತ್ಯವಲ್ಲ" ಎಂದು ಅಪ್ಪಣೆ ಕೊಡಿಸಿದರು. ಇವುಗಳಲ್ಲಿ ಒಂದನ್ನಾದರೂ ತಾವು ಓದಿರುವಿರೋ ಎಂದು ಕೇಳಲು, ಓದುವ ಅವಶ್ಯಕತೆಯೇ ಇಲ್ಲವೆಂದರು. ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಹೇಳುವ ಈ ರೋಗಕ್ಕೆ ಔಷಧವು ಆ ಪುಸ್ತಕಗಳಲ್ಲಿಯೇ ಇದ್ದಿತೆಂಬುದನ್ನು ಆ ಮಹನೀಯರು ಅರಿಯರು.

ಕನ್ನಡದಲ್ಲಿ ಪತ್ತೇದಾರಿ ಕಥೆಯೆಂದೊಡನೆ 2011ರಲ್ಲಿ ದಿವಂಗತರಾದ ಎನ್. ನರಸಿಂಹಯ್ಯನವರ ಹೆಸರು ಬಾಯಿಗೆ ಬರುವುದು. 500ಕ್ಕೂ ಮೇಲ್ಪಟ್ಟು ಕಾದಂಬರಿಗಳನ್ನು ಬರೆದು, ಪುಸ್ತಕ ಹಿಡಿಯದ ಕೈಗೂ ಪುಸ್ತಕ ಹಿಡಿಸಿದವರು ಅವರು. ಅವರ ಪುರುಷೋತ್ತಮನು ವೃತ್ತಿಯ ಪತ್ತೇದಾರ. ನಾನು ಈಗ ಪಕ್ಷವಹಿಸುವುದು ಇನ್ನೊಂದು ಕುಲದ ಕಥೆಗಳನ್ನು. ಅಲ್ಲಿ ಊರು ಸಣ್ಣದು. ಪತ್ತೆ ಹಚ್ಚುವವರು ಸಂಬಳದವರಲ್ಲ, ಅಧಿಕಾರವುಳ್ಳವರೂ ಅಲ್ಲ. ಚೆಸ್ಟರ್‌ಟನ್ನನ ಫಾದರ್ ಬ್ರೌನನು ಒಬ್ಬ ಬಡ ಪಾದ್ರಿ. ಅಗಾಥಾ ಕ್ರಿಸ್ಟಿಯು 1930ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಗುಟ್ಟನ್ನು ಒಡೆಯುವವಳು ಹಳ್ಳಿಯೊಂದರಲ್ಲಿ ಉಣ್ಣೆ ಹೆಣೆಯುತ್ತ, ಹೂದೋಟ ನೋಡಿಕೊಳ್ಳುತ್ತ ಕಾಲ ಕಳೆಯುವ ಅವಿವಾಹಿತ ವೃದ್ಧೆ ಮಿಸ್ ಮಾರ್ಪಲ್.

ಓದುಗರಿಗೆ ಇವುಗಳ ಮೇಲೆ ಇಷ್ಟೊಂದು ಪ್ರೀತಿ ಏಕೆ? ರಕ್ತದ ಆಸೆಯಿಂದ ಎನ್ನುವುದು ಓದದವರ ಮಾತು. ಈ ಕಥೆಗಳಲ್ಲಿ ರಕ್ತವು ಕಣ್ಣಿಗೆ ಬೀಳುವುದೇ ಅಪರೂಪ. ಪ್ರೀತಿಗೆ ಕಾರಣ, ಅಂಥ ಊರು ನಮಗೆ ಗೊತ್ತಿರುವುದು. ಮಾನ್ವಿಯಲ್ಲಿ ಯಾರ ಮನೆಗೆ ಬೀಗರು ಬಂದರೆಂಬುದು, ಬಂದವರು ಕಾಲು ತೊಳೆಯುವ ಮೊದಲೇ ಹೂವು ಮಾರುವವಳಿಗೆ ತಿಳಿದಿರುತ್ತದೆ. ದೇವದುರ್ಗದಲ್ಲಿ ಅಪರಿಚಿತನೊಬ್ಬನು ಬಸ್ಸಿನಿಂದಿಳಿದು ಚಹಾ ಕುಡಿದು ಮುಗಿಸುವುದರೊಳಗೆ ಅವನ ಊರು, ಕುಲ, ಬಂದ ಕಾರ್ಯ ಮೂರೂ ನಿರ್ಣಯವಾಗಿರುತ್ತವೆ. ಅಷ್ಟೇಕೆ, ಜಿಲ್ಲೆಯ ತಲೆಪಟ್ಟಣವಾದ ರಾಯಚೂರಿನ ಹಳೆಯ ಓಣಿಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಇದನ್ನು ಚಾಡಿಯೆಂದು ನಾವು ಹಳಿಯುವೆವು. ಆದರೆ ಚಾಡಿಗೂ ಮಿಸ್ ಮಾರ್ಪಲಳ ವಿಚಾರಕ್ಕೂ ಸಾಮಗ್ರಿಯು ಒಂದೇ: ಅವರಿವರ ಮಾತು, ಕಿಟಕಿಯಿಂದ ಕಂಡ ನೋಟ. ಭೇದವಿರುವುದು ಕ್ರಮದಲ್ಲಿ.

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿಜ್ಞೆ, ಹೇತು, ಉದಾಹರಣ, ಉಪನಯ, ನಿಗಮನವೆಂದು ಪರಾರ್ಥಾನುಮಾನಕ್ಕೆ ಐದು ಅವಯವಗಳುಂಟಷ್ಟೆ. ಚಾಡಿಕೋರನು ನಿಗಮನದಿಂದ ಹೊರಟು ಅಲ್ಲಿಯೇ ನಿಲ್ಲುವನು. ಕೆಲಸದವನೇ ಕದ್ದನು, ಪರಊರಿನವನೇ ಕೊಂದನು ಎಂದುಬಿಟ್ಟರೆ ಅವನ ಕಾರ್ಯ ತೀರಿತು. ನಮ್ಮ ವೃದ್ಧೆಯಾದರೋ ಉದಾಹರಣವನ್ನು ಹುಡುಕುವಳು: ಈ ಗೃಹಸ್ಥನ ನಡತೆಯು ತನ್ನ ಹಳ್ಳಿಯಲ್ಲಿ ಹಿಂದೊಮ್ಮೆ ಇಂಥದೇ ಮೋಸ ಮಾಡಿದವನನ್ನು ಹೋಲುವುದಲ್ಲ ಎಂದು ಚಿಂತಿಸುವಳು. ಆ ಹೋಲಿಕೆಯೂ ಸಾಲದೆಂದು ಗೊತ್ತಿರುವುದರಿಂದ ಮತ್ತೊಂದು ಪುರಾವೆಗಾಗಿ ಕಾಯುವಳು. ಬಹುಪಾಲು ಕಥೆಗಳಲ್ಲಿ ಅವಳ ಕೆಲಸವು ಅಪರಾಧಿಯನ್ನು ಹಿಡಿಯುವುದಕ್ಕೆ ಮೊದಲು ನಿರಪರಾಧಿಯನ್ನು ಬಿಡಿಸುವುದಾಗಿದೆ.

ಇದು ಆಂಗ್ಲರ ಸರಕೆಂದು ಮೂಗು ಮುರಿಯುವವರು ದುರ್ಗಸಿಂಹನ ಪಂಚತಂತ್ರವನ್ನು ತೆರೆದು ನೋಡಲಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ಆತನು ಹೇಳಿದ ಧರ್ಮಬುದ್ಧಿ ದುಷ್ಟಬುದ್ಧಿಯರ ಕಥೆ, ನಮ್ಮ ಶಾಲಾಪಾಠದಲ್ಲಿ "ವೃಕ್ಷಸಾಕ್ಷಿ"ಯೆಂದು ಬಂದುದು, ಏನು? ಹೊನ್ನನ್ನು ಕದ್ದವನು ಆಲದ ಮರವನ್ನೇ ಸಾಕ್ಷಿಗೆ ಕರೆದು, ತನ್ನ ತಂದೆಯನ್ನು ಪೊಟರೆಯಲ್ಲಿ ಅಡಗಿಸುವನು. ಮರವು ಮಾತನಾಡಿತೆಂದು ನ್ಯಾಯವನ್ನು ನೋಡಲು ಬಂದವರು ಬೆರಗಾಗಿ ನಿಂತಿರಲು, ಆರೋಪಕ್ಕೆ ಗುರಿಯಾದ ಧರ್ಮಬುದ್ಧಿಯೊಬ್ಬನೇ ಇದು ಮನುಷ್ಯನ ಕೃತ್ರಿಮವೆಂದು ಊಹಿಸಿ, ಪೊಟರೆಗೆ ಬೆಂಕಿ ಹೊಗೆಗಳನ್ನಿಕ್ಕಿಸಿ ನಿಜವನ್ನು ಹೊರಗೆಡಹುವನು. ಅವನು ವ್ಯಾಪಾರಿಯ ಮಗನೇ ಹೊರತು ತಳವಾರನಲ್ಲ.

ಇಷ್ಟಕ್ಕೂ ವಿನೋದದ ಓದಿಗಾಗಿ ಈ ವಾದವೇಕೆ ಎಂದರೆ, ಬಹಳ ದೂರ ಹೋಗಬೇಕಾಗಿಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣ ಎಂಜಿನಿಯರನೊಬ್ಬನನ್ನು ಮಕ್ಕಳ ಕಳ್ಳನೆಂದು ಜನರು ಹೊಡೆದು ಕೊಂದರು. ಅವನ ಸಂಗಡಿಗರಲ್ಲೊಬ್ಬನು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟುದೇ ಹೇತು. ವಾಟ್ಸ್ಯಾಪಿನಲ್ಲಿ ಹರಿದ ಸುದ್ದಿಯೇ ಶಬ್ದಪ್ರಮಾಣ! ಹಬ್ಬಕ್ಕೆ ಬಂದ ಸೋದರಮಾವನೂ ಮಕ್ಕಳಿಗೆ ಮಿಠಾಯಿ ಕೊಡುವನು. ಕಳ್ಳನಲ್ಲದವನಲ್ಲಿಯೂ ಕಾಣುವ ಈ ಹೇತುವು ಸವ್ಯಭಿಚಾರವೆಂಬುದನ್ನು ತರ್ಕದ ಮೊದಲ ವರ್ಷದ ಹುಡುಗನೂ ಹೇಳಬಲ್ಲನು. ಅಂದು ಆ ಗುಂಪಿನ ನಡುವೆ "ಯಾರ ಮನಿ ಕೂಸು ಕಾಣವಲ್ದು, ಮೊದ್ಲ ಅದನ್ನ ಹೇಳ್ರಿ" ಎಂದು ಕೇಳಿ, ಉತ್ತರ ಬರುವವರೆಗೆ ಅಡ್ಡ ನಿಲ್ಲುವ ಒಬ್ಬ ಮುದುಕಿಯ ಮಾತು ನಡೆದಿದ್ದರೆ ಒಂದು ಪ್ರಾಣ ಉಳಿಯುತ್ತಿತ್ತು. ಇಂಥ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಮಧ್ಯಾಹ್ನದ ಓದು ಹೆಂಗಸರಿಗೂ ಹುಡುಗರಿಗೂ ಕಲಿಸುವುದಾದರೆ, ಅದು ಹಗುರವಾದ ಸರಕು ಹೇಗಾದೀತು?

ಈ ಕಥೆಗಳಲ್ಲಿ ದೋಷವಿಲ್ಲವೆಂಬ ಹಠ ನನಗಿಲ್ಲ. ಸತ್ತವನಿಗಾಗಿ ಅಳುವವರೇ ಇಲ್ಲದಿರುವುದು ದೊಡ್ಡ ಕೊರತೆ. ಹೆಣವು ಪಗಡೆಯ ಕಾಯಿಯಂತೆ ಬಿದ್ದಿರುವುದು, ಚಹಾ ಮಾತ್ರ ಹೊತ್ತಿಗೆ ಸರಿಯಾಗಿ ಬರುವುದು. ನಮ್ಮ ಓಣಿಗಳಲ್ಲಿ ಹೆಣವನ್ನು ಎತ್ತುವವರೆಗೆ ನೆರೆಮನೆಯ ಒಲೆಯೂ ಉರಿಯುವುದಿಲ್ಲ. ಮಾನ್ವಿಯಲ್ಲೋ ದೇವದುರ್ಗದಲ್ಲೋ ಇಂಥ ಕಥೆಯನ್ನು ನಡೆಯಿಸುವ ಕನ್ನಡ ಲೇಖಕನು ಆ ಉರಿಯದ ಒಲೆಯನ್ನೂ ಬರೆಯಬೇಕಾಗುವುದು. ಬರೆದರೆ ಮೂಲಕ್ಕಿಂತ ಮಿಗಿಲಾದ ಜಾತಿಯೊಂದು ಹುಟ್ಟೀತು. ನಮ್ಮ ತರುಣರು ಬೆಂಗಳೂರಿನ ಕೊಲೆಗಳನ್ನು ಬಿಟ್ಟು ಈ ಕಡೆಗೆ ಏಕೆ ನೋಡಬಾರದು?

ಪುಸ್ತಕದ ಸಭೆಯು ಮತ್ತೊಮ್ಮೆ ಸೇರಲಿದೆ. ಗೀಟಿಗೆ ಸಿಕ್ಕಿದವುಗಳಲ್ಲಿ ಎರಡನ್ನು ಆ ವಿದ್ವಾಂಸರ ಮನೆಗೆ ಕಳುಹಿಸಿಕೊಟ್ಟಿದ್ದೇನೆ. ಅವರಿನ್ನೂ ಮುಟ್ಟಿಲ್ಲವಂತೆ, ಅವರ ಸೊಸೆಯು ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿದಿರುವಳೆಂದು ಹೂವು ಮಾರುವವಳಿಂದ ತಿಳಿದುಬಂದಿದೆ.